ಸದ್ದು ಮಾಡುವ ಲೂರ್: ಮೀನು ಹಿಂದೆ ಬಂದೂ ಕಚ್ಚದಿದ್ದರೆ

ನೀವು ಕೇಳಿದ್ದು: ತಿಳಿನೀರಿನಲ್ಲಿ ಒಳಗೆ ಸದ್ದು ಮಾಡುವ ಗುಂಡು ತುಂಬಿದ ಲೂರ್ (ಮೀನಿನಂಥ ನಕಲಿ ಎರೆ), ಅಂದರೆ ಮೂತಿಯಲ್ಲಿ ತುಟಿಯಂಥ ಪಟ್ಟಿ ಇಲ್ಲದ ಲಿಪ್‌ಲೆಸ್ ಕ್ರ್ಯಾಂಕ್‌ಬೇಟ್ ಎಳೆಯುತ್ತಿದ್ದೇನೆ, ಮೀನು ಹಿಂದೆ ಬಂದು ತಿರುಗಿ ಹೋಗುತ್ತದೆ, ಇನ್ನೂ ಜೋರಾಗಿ ಸದ್ದು ಮಾಡುವ ಬ್ಯಾಟರಿ ಲೂರ್ ತಗೊಳ್ಳಲಾ?

ಬೇಡ. ಮೀನು ಹಿಂದೆ ಬಂತು ಅಂದರೆ ಸದ್ದಿನ ಕೆಲಸ ಅಲ್ಲಿಗೆ ಮುಗಿಯಿತು. ಕಚ್ಚಿಸಬೇಕಾದ್ದು ಲೂರಿನ ಓಟ, ಅದರಲ್ಲೂ ನಿಲುಗಡೆ.

ಮೀನಿಗೆ ಲೂರ್ ಗೊತ್ತಾಗುವುದು ಕಣ್ಣಿನಿಂದಷ್ಟೇ ಅಲ್ಲ. ಒಳಕಿವಿ ದೂರದ ಸದ್ದನ್ನು ಹಿಡಿಯುತ್ತದೆ. ಮೈಯ ಎರಡೂ ಬದಿಯ ಪಾರ್ಶ್ವರೇಖೆ ನೀರಿನ ಅಲುಗಾಟವನ್ನು ಹಿಡಿಯುತ್ತದೆ, ಆದರೆ ಹೆಚ್ಚೆಂದರೆ ಮೈಯುದ್ದದ ಒಂದೆರಡು ಪಟ್ಟು ದೂರದಿಂದ. ಬೇಟೆ ಮೀನುಗಳಲ್ಲಿ ಬಹುಪಾಲಿಗೆ ಚೆನ್ನಾಗಿ ಕೇಳಿಸುವುದು ಕೆಲವು ನೂರು ಹರ್ಟ್ಸ್‌ನ ದಪ್ಪ ಸದ್ದು. ಬಾಳೆ ಮೀನಿನಂಥ ಮೀಸೆ ಮೀನುಗಳ ಜಾತಿ ಬೇರೆ: ಅವುಗಳ ಗಾಳಿಚೀಲಕ್ಕೂ ಒಳಕಿವಿಗೂ ನಡುವೆ ಸಣ್ಣ ಮೂಳೆಗಳ ಕೊಂಡಿ ಇರುವುದರಿಂದ ತೆಳುವಾದ, ಕೀಚಲು ಸದ್ದೂ ಕೇಳಿಸುತ್ತದೆ. ಹೀಗಾಗಿ ನಮ್ಮ ಕಿವಿಯ ಹತ್ತಿರ ಅಲ್ಲಾಡಿಸಿ "ಇದು ಜೋರು" ಅಂತ ಲೂರ್ ಆರಿಸುವುದರಲ್ಲಿ ಅರ್ಥವಿಲ್ಲ.

ಕೆಂಪು ನೀರು, ರಾತ್ರಿ, ದಟ್ಟ ಜೊಂಡು, ಗಾಳಿಗೆ ಅಲೆ ಎದ್ದಿರುವ ಹೊತ್ತು: ಇಲ್ಲೆಲ್ಲ ಸದ್ದು ಬೇಕು. ಒಂದೇ ದೊಡ್ಡ ಗುಂಡಿನ "ಟಕ್ ಟಕ್" ಲೂರ್ ಮೊದಲು ಹಾಕಿ, ಅದರ ಸದ್ದು ದಪ್ಪ. ಹತ್ತಾರು ಸಣ್ಣ ಗುಂಡಿನ "ಚರ ಚರ" ಲೂರ್ ವೇಗವಾಗಿ ಎಳೆದು ಹೊಸ ಜಾಗ ಹುಡುಕುವುದಕ್ಕೆ ಸರಿ. ತಿಳಿನೀರು, ಅಲೆಯಿಲ್ಲದ ಬೆಳಗ್ಗೆ, ತಣ್ಣನೆ ನೀರು, ದಿನವೂ ನಾಲ್ಕಾರು ಜನ ಲೂರ್ ಎಸೆಯುವ ಜಾಗ: ಇಲ್ಲಿ ಅದೇ ಅಳತೆಯ, ಗುಂಡಿಲ್ಲದ ಲೂರ್ ಹಾಕಿ. ನಿಮ್ಮ ನೀರಿಗೆ ನಾನು ಹೇಳುವುದೂ ಅದೇ.

ಇರುವ ಲೂರಲ್ಲೇ ನೋಡಬೇಕೆಂದಿದ್ದರೆ ಒಂದೇ ಸಮ ಎಳೆಯುವುದನ್ನು ಬಿಡಿ. ಐದಾರು ಸುತ್ತು ರೀಲ್ ತಿರುಗಿಸಿ, ರಾಡ್ ತುದಿಯನ್ನು ಒಂದು ಮೊಳ ಎತ್ತಿ, ದಾರ ಬಿಗಿಯಾಗಿರುವಂತೆಯೇ ಇಳಿಸಿ. ಲೂರ್ ನಡುಗುತ್ತ ಕೆಳಗಿಳಿಯುತ್ತದೆ, ಸದ್ದು ಹಠಾತ್ತನೆ ನಿಲ್ಲುತ್ತದೆ. ಹೆಚ್ಚಿನ ಕಡಿತ ಬೀಳುವುದು ಆ ಇಳಿಯುವ ಹೊತ್ತಿನಲ್ಲಿ. ದಾರ ಸಡಿಲ ಬಿಟ್ಟಿದ್ದರೆ ಕಚ್ಚಿದ್ದು ಕೈಗೇ ಗೊತ್ತಾಗುವುದಿಲ್ಲ. ಲೂರ್ ಕಳೆಗೆ ಸಿಕ್ಕಿದರೆ ಮೆಲ್ಲಗೆ ಬಿಡಿಸಬೇಡಿ, ಝಾಡಿಸಿ ಎಳೆಯಿರಿ. ಕಳೆಯಿಂದ ಸಿಡಿದು ಬರುವ ಲೂರಿಗೆ ಮೀನು ಯೋಚಿಸದೆ ಬಾಯಿ ಹಾಕುತ್ತದೆ.

ನೀರ ಮೇಲೆ ತೇಲುತ್ತ, ಎಳೆದಾಗ ಸದ್ದು ಮಾಡುವ ಪಾಪರ್ ಲೂರಿನದು ಇನ್ನೊಂದು ಲೆಕ್ಕ. ಒಮ್ಮೆ "ಗುಳುಕ್" ಅನ್ನಿಸಿ, ಅಲೆಯ ಉಂಗುರ ಅಳಿಯುವವರೆಗೆ ಸುಮ್ಮನಿರಿ. ಆತುರದವರಿಗೆ ಪಾಪರ್ ಒಗ್ಗುವುದಿಲ್ಲ. ನೀರು ಸಿಡಿದ ತಕ್ಷಣ ಎಳೆದರೆ ಲೂರ್ ಬಾಯಿಂದ ಹಾರಿ ಬರುತ್ತದೆ, ರಾಡಿಗೆ ಭಾರ ಸಿಕ್ಕ ಮೇಲೆ ಎಳೆಯಿರಿ. ಕೊರವ ಮೀನು ಮರಿಗಳ ಗುಂಪಿನ ಕೆಳಗೆ ಕಾವಲಿರುವಾಗ ಪಾಪರ್ ಹಾಕಿದರೆ ಸಿಟ್ಟಿಗೇ ಹೊಡೆಯುತ್ತದೆ. ಹಾಗೆ ಹಿಡಿಯಬೇಡಿ, ಕಾವಲು ತಪ್ಪಿದರೆ ಮರಿಗಳು ಬೇರೆ ಮೀನಿನ ಪಾಲಾಗುತ್ತವೆ.

ಸಾಫ್ಟ್ ಪ್ಲಾಸ್ಟಿಕ್‌ಗೆ (ರಬ್ಬರಿನಂಥ ಮೆತ್ತನೆಯ ಲೂರಿಗೆ) ಸದ್ದು ಸೇರಿಸುವುದು ಸುಲಭ. ಒಳಗೆ ಗುಂಡಿರುವ ಸಣ್ಣ ಗಾಜಿನ ಕೊಳವೆ, ಅಂದರೆ ರ‍್ಯಾಟಲ್ ಸಿಗುತ್ತದೆ. ಅದಕ್ಕಿಂತ ತೆಳುವಾದ ಕಡ್ಡಿಯಿಂದ ದಪ್ಪ ಭಾಗದಲ್ಲಿ ತೂತು ಮಾಡಿ ತಳ್ಳಿ, ತೂತಿನ ಬಾಯಿಗೆ ಒಂದು ಹನಿ ಸೂಪರ್ ಗ್ಲೂ. ಹುಕ್ ಹೊರಬರುವ ದಾರಿಯಲ್ಲಿ ರ‍್ಯಾಟಲ್ ಕೂತರೆ ಹುಕ್ ಚುಚ್ಚುವುದಿಲ್ಲ, ಗಾಜೂ ಒಡೆಯುತ್ತದೆ. ನೇರ ಎಳೆತಕ್ಕೆ ಇದು ಸದ್ದೇ ಮಾಡುವುದಿಲ್ಲ, ರಾಡ್ ತುದಿಯನ್ನು ಸಣ್ಣಗೆ ಅಲುಗಿಸುತ್ತಿರಬೇಕು. ಇನ್ನೊಂದು ದಾರಿ: ದಾರಕ್ಕೆ ಮೊದಲು ಹಿತ್ತಾಳೆಯ ತೂಕ, ಆಮೇಲೆ ಗಾಜಿನ ಮಣಿ, ಆಮೇಲೆ ಗಂಟು. ತೂಕ ಮಣಿಗೆ ಬಡಿದು ಟಿಕ್ ಅನ್ನುತ್ತದೆ. ಸೀಸ ಮೆತ್ತಗಿರುವುದರಿಂದ ಸದ್ದು ಮಂಕು, ಪ್ಲಾಸ್ಟಿಕ್ ಮಣಿಯಾದರೆ ಬಹುತೇಕ ಇಲ್ಲ. ಮಣಿಯ ತೂತಿನ ಅಂಚು ಹರಿತವಾಗಿದ್ದರೆ ದಾರ ಕತ್ತರಿಸುತ್ತದೆ, ಕಟ್ಟುವ ಮೊದಲು ಉಗುರು ಆಡಿಸಿ ನೋಡಿ.

ಮರದ ಲೂರ್ ಮಾಡುವವರಿಗೆ: ಸುಮಾರು 18 ಮಿ.ಮೀ. ದಪ್ಪದ ಮೈಗೆ ನಡುಗೆರೆಗಿಂತ ಕೆಳಗೆ, ಹೊಟ್ಟೆಯ ಹತ್ತಿರ, ಅಡ್ಡಲಾಗಿ 6 ಮಿ.ಮೀ. ತೂತು. ಒಳಗೆ 5 ಮಿ.ಮೀ. ಒಳಅಳತೆಯ ಲೋಹದ ಕೊಳವೆ, ಅದರಲ್ಲಿ 4 ಮಿ.ಮೀ.ನ ಎರಡು ಉಕ್ಕಿನ ಬೇರಿಂಗ್ ಗುಂಡು. ಮೂರನೆಯದು ಹಾಕಬೇಕೆನಿಸುತ್ತದೆ, ಹಾಕಿದರೆ ಓಡಾಡಲು ಜಾಗವಿಲ್ಲದೆ ಸದ್ದು ಸಾಯುತ್ತದೆ. ಎರಡೂ ಬಾಯಿಗೆ ಮರದ ಬಿರಡೆ ಬಿಗಿಯಾಗಿ ಕೂರಿಸಿದ ಮೇಲೆಯೇ ಎಪಾಕ್ಸಿ. ಬಿರಡೆಯಿಲ್ಲದೆ ಅಂಟು ಸುರಿದರೆ ಒಳಗಿಳಿದು ಗುಂಡನ್ನೇ ಹಿಡಿದುಕೊಳ್ಳುತ್ತದೆ. ಎರಡು ಗುಂಡು ಸೇರಿ ಅರ್ಧ ಗ್ರಾಂನಷ್ಟು, ಜೊತೆಗೆ ಕೊಳವೆಯ ತೂಕ. ಅಷ್ಟು ಸೀಸವನ್ನು ಹೊಟ್ಟೆಯಿಂದ ತೆಗೆಯಿರಿ. ತೂತು ನಡುಗೆರೆಗಿಂತ ಮೇಲೆ ಹೋದರೆ ಲೂರ್ ಮಗ್ಗುಲಿಗೆ ಮಲಗುತ್ತದೆ. ಬಣ್ಣ ಹಾಕುವ ಮೊದಲು ಬಕೆಟ್‌ನಲ್ಲಿ ತೇಲಿಸಿ ನೋಡುವುದು ಇದಕ್ಕೇ.

ಬ್ಯಾಟರಿ ಲೂರ್ ಬಗ್ಗೆ ನನಗೆ ಹೆಚ್ಚು ಒಲವಿಲ್ಲ. ಒಂದೇ ತಾಳದಲ್ಲಿ ಗುಂಯ್‌ಗುಡುತ್ತಲೇ ಇರುತ್ತದೆ, ಬೇಕಾದಾಗ ನಿಲ್ಲಿಸಲು ಆಗದು. ಕದಲದ ಕೆಸರುನೀರಲ್ಲಿ, ಲೂರನ್ನು ಒಂದೇ ಕಡೆ ತೂಗುಬಿಡುವಾಗ ಮಾತ್ರ ಉಪಯೋಗ ಕಂಡೀತು. ನೀರು ತಾಗಿದರೆ ಚಾಲೂ ಆಗುವ ಬಗೆಯದಾದರೆ ಒರೆಸಿ ಒಣಗಿಸಿಡಿ, ಒದ್ದೆ ಡಬ್ಬಿಯಲ್ಲಿ ಇಟ್ಟರೆ ಬ್ಯಾಟರಿ ಅಲ್ಲೇ ಮುಗಿಯುತ್ತದೆ. ಕೆಲವೆಡೆ ಇಂಥವಕ್ಕೆ ನಿಷೇಧವೂ ಇದೆ, ಕೊಳ್ಳುವ ಮೊದಲು ನೀವು ಹಿಡಿಯುವ ನೀರಿನ ನಿಯಮ ನೋಡಿ.

ಕೊನೆಗೆ, ಕಚ್ಚಿದ ಮೀನು ಹುಕ್‌ನಲ್ಲಿ ಉಳಿಯಬೇಕಲ್ಲ. ಲಿಪ್‌ಲೆಸ್ ಲೂರಿನ ಭಾರ ಮೀನಿಗೇ ಅನುಕೂಲ, ತಲೆ ಒದರಿದರೆ ಟ್ರೆಬಲ್ (ಮೂರು ಕವಲಿನ ಹುಕ್) ಕಿತ್ತು ಬರುತ್ತದೆ. ತೀರಾ ಗಡಸು ರಾಡ್ ಬೇಡ, ಮಧ್ಯದವರೆಗೆ ಬಾಗುವಂಥದ್ದಿರಲಿ. ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿ) ಸ್ವಲ್ಪ ಸಡಿಲಿಸಿ, ಮೀನು ಮೇಲೇಳುವಾಗ ರಾಡ್ ತುದಿಯನ್ನು ನೀರಿನ ಹತ್ತಿರಕ್ಕೆ ತನ್ನಿ. ಹಲ್ಲಿರುವ ಮೀನಾದರೆ ಲೂರಿನ ಮುಂದೆ ಒಂದು ಗೇಣು ಸ್ಟೀಲ್ ಲೀಡರ್ (ಹಲ್ಲಿಗೆ ದಾರ ಕಡಿಯದಂತೆ ಹಾಕುವ ತಂತಿ). ಅದು ದಪ್ಪವಾದಷ್ಟೂ ಲೂರಿನ ಕುಣಿತ, ಅದರ ಜೊತೆಗೆ ಸದ್ದು, ಎರಡೂ ಕುಗ್ಗುತ್ತವೆ. ಹಲ್ಲನ್ನು ತಡೆಯುವ, ಆದಷ್ಟು ತೆಳುವಾದದ್ದನ್ನೇ ಹಾಕಿ.