ಓದುಗರ ಪ್ರಶ್ನೆ: ಕೆಲಸ ಕುಸಿದಾಗ ಕೂಲಿ ಒಪ್ಪಂದದ ಗತಿ ಏನು?

ಪ್ರಶ್ನೆ: ಮಗ ಡಬ್ಲಿನ್‌ನಲ್ಲಿ ಸೈಟ್ ಎಂಜಿನಿಯರ್. 2008ರ ನಂತರ ಐರ್ಲೆಂಡಿನಲ್ಲಿ ಕೆಲಸವೇ ಇಲ್ಲದಿದ್ದರೂ ಗುತ್ತಿಗೆದಾರರು ಕಾರ್ಮಿಕರ ಕೂಲಿ ಇಳಿಸುವಂತಿರಲಿಲ್ಲವಂತೆ. ಏಕೆ? – ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲಿ ಎರಡು ಬೇರೆ ಬೇರೆ ಒಪ್ಪಂದಗಳಿದ್ದವು. 1987ರಿಂದ ಸರ್ಕಾರ, ಮಾಲೀಕರು ಮತ್ತು ಕಾರ್ಮಿಕ ಸಂಘಗಳು ಕೂತು ಮಾಡಿಕೊಳ್ಳುತ್ತಿದ್ದ ರಾಷ್ಟ್ರೀಯ ವೇತನ ಒಪ್ಪಂದ ಒಂದು. ಸಂಬಳ ಎಷ್ಟು ಏರಬೇಕೆಂದು ಅದು ಹೇಳುತ್ತಿತ್ತು. 'ಕೊಡುವ ಶಕ್ತಿಯಿಲ್ಲ' ಎಂದು ಲೆಕ್ಕಪತ್ರ ತೋರಿಸಿದವರಿಗೆ ಏರಿಕೆಯಿಂದ ವಿನಾಯಿತಿ ಕೇಳುವ ದಾರಿಯೂ ಇತ್ತು. ಇನ್ನೊಂದು, 1946ರ ಕಾಯ್ದೆಯಡಿ ಲೇಬರ್ ಕೋರ್ಟಿನಲ್ಲಿ ನೋಂದಾಯಿಸಿದ ಕಟ್ಟಡ ಉದ್ಯಮದ ಒಪ್ಪಂದ. ಇದು ಸಹಿ ಹಾಕದ ಗುತ್ತಿಗೆದಾರರನ್ನೂ ಕಾನೂನಿನ ಬಲದಿಂದ ಕಟ್ಟಿಹಾಕುತ್ತಿತ್ತು. ಮೊದಲನೆಯದು 2009ರ ಕೊನೆಗೆ ಮುರಿದುಬಿತ್ತು, ಎರಡನೆಯದು ಹಾಗೇ ಉಳಿಯಿತು.

2007ರಲ್ಲಿ ಸುಮಾರು 2.7 ಲಕ್ಷ ಜನರಿದ್ದ ಉದ್ಯಮದಲ್ಲಿ ನಾಲ್ಕೈದು ವರ್ಷಗಳಲ್ಲಿ ಉಳಿದವರು ಒಂದು ಲಕ್ಷದ ಆಸುಪಾಸು. ಆದರೂ ದರ ಇಳಿದದ್ದು 2011ರ ಫೆಬ್ರುವರಿಯಲ್ಲಿ, ಶೇ 7.5ರಷ್ಟು. ಕುಶಲ ಕಾರ್ಮಿಕರ ಗಂಟೆಯ ಕೂಲಿ 18.60 ಯೂರೋದಿಂದ 17.21ಕ್ಕೆ ಬಂತು, 39 ಗಂಟೆಯ ವಾರಕ್ಕೆ 54 ಯೂರೋ ಖೋತಾ. ಈ ತಡ ನಿಜಕ್ಕೂ ದೊಡ್ಡ ದೋಷ.

ಪ್ರಶ್ನೆ: ಮೊದಲೇ ಇಳಿಸಿದ್ದರೆ ಕೆಲಸಗಳು ಉಳಿಯುತ್ತಿದ್ದವೇ? – ಗುತ್ತಿಗೆದಾರರು, ಹುಬ್ಬಳ್ಳಿ

ಉತ್ತರ: ನಿಮ್ಮ ಟೆಂಡರ್ ಹಾಳೆಯನ್ನೇ ತೆಗೆದುಕೊಳ್ಳಿ. ಒಟ್ಟು ಖರ್ಚಿನಲ್ಲಿ ಕೂಲಿ ಶೇ 40 ಎಂದಿಟ್ಟುಕೊಂಡರೆ, ಕೂಲಿ ಶೇ 7.5 ಇಳಿದಾಗ ಒಟ್ಟು ದರ ಇಳಿಯುವುದು ಶೇ 3 ಮಾತ್ರ. ಬ್ಯಾಂಕುಗಳು ಸಾಲ ನಿಲ್ಲಿಸಿ, ಕಟ್ಟಿದ ಮನೆಗಳೇ ಖಾಲಿ ಬಿದ್ದಿದ್ದಾಗ ಅಷ್ಟಕ್ಕೆ ಹೊಸ ಕೆಲಸ ಹುಟ್ಟುವುದಿಲ್ಲ. ಆದರೆ ಇರುವ ನಾಲ್ಕು ಟೆಂಡರಿಗೆ ನಲವತ್ತು ಜನ ಮುಗಿಬಿದ್ದಾಗ ಆ ಶೇ 3 ಯಾರಿಗೆ ಕೆಲಸ ಎಂಬುದನ್ನು ತೀರ್ಮಾನಿಸುತ್ತದೆ. ಒಪ್ಪಂದದ ದರ ಕೊಡುವವರು ಸೋಲುತ್ತಾರೆ, ಕದ್ದು ಕಡಿಮೆ ಕೊಡುವವರು ಗೆಲ್ಲುತ್ತಾರೆ.

ಕದಿಯುವ ದಾರಿಯೂ ಗೊತ್ತಿರಬೇಕು. ಇಟ್ಟಿಗೆ ಕಟ್ಟುವ ಗಾರೆಯವನನ್ನು ನೌಕರನೆಂದು ತೋರಿಸದೆ ಉಪಗುತ್ತಿಗೆದಾರನೆಂದು ಬರೆದುಕೊಳ್ಳುತ್ತಾರೆ. ಅವನು ಬರುವ ಹೊತ್ತು, ಮಾಡುವ ಕೆಲಸ, ಎತ್ತುವ ಗೋಡೆ ಯಾವುದೂ ಬದಲಾಗಿರುವುದಿಲ್ಲ. ರಜೆಯ ಸಂಬಳ, ಕಾಯಿಲೆ ಭತ್ಯೆ, ಪಿಂಚಣಿ ವಂತಿಗೆ ಮಾತ್ರ ಮಾಯ. ಆದ್ದರಿಂದ ತಳಮಟ್ಟದ ದರ ಅತಿ ಹೆಚ್ಚು ಬೇಕಾಗುವುದು ಕುಸಿತದ ಕಾಲದಲ್ಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ದರ ಇಳಿಸಲೇಬೇಕಾದರೆ ಎಲ್ಲರಿಗೂ ಒಟ್ಟಿಗೆ, ಬೇಗ ಇಳಿಸಬೇಕು.

ಪ್ರಶ್ನೆ: ಈಗಲೂ ಆ ಒಪ್ಪಂದ ಇದೆಯೇ? ಮಗನಿಗೆ ಅನ್ವಯವೇ? – ದಾವಣಗೆರೆಯ ಅದೇ ಓದುಗರು

ಉತ್ತರ: ಹಳೆಯದು ಇಲ್ಲ. 2013ರ ಮೇ 9ರಂದು ಎಲೆಕ್ಟ್ರಿಕಲ್ ಗುತ್ತಿಗೆದಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1946ರ ಕಾಯ್ದೆಯ ಆ ಭಾಗವನ್ನೇ ರದ್ದು ಮಾಡಿತು. ಕಾನೂನು ಮಾಡುವ ಅಧಿಕಾರ ಸಂಸತ್ತಿನದು, ಅದನ್ನು ಹೀಗೆ ಬೇರೆಯವರಿಗೆ ಒಪ್ಪಿಸುವಂತಿಲ್ಲ ಎಂಬುದು ಕಾರಣ. ಕೆಲಸದಲ್ಲಿದ್ದವರ ಕರಾರಿನ ದರ ಉಳಿಯಿತು. ಹೊಸದಾಗಿ ಸೇರುವವರಿಗೆ ಕಾನೂನಿನ ಆಸರೆಯಾಗಿ ಉಳಿದದ್ದು ರಾಷ್ಟ್ರೀಯ ಕನಿಷ್ಠ ಕೂಲಿ, ಗಂಟೆಗೆ 8.65 ಯೂರೋ. ಒಂದೇ ಗೋಡೆಗೆ ಇಬ್ಬರು, ಎರಡು ದರ!

2015ರ ಹೊಸ ಕಾಯ್ದೆಯಡಿ ಲೇಬರ್ ಕೋರ್ಟ್ ಶಿಫಾರಸು ಮಾಡುತ್ತದೆ, ಸಚಿವರು ಆದೇಶ ಹೊರಡಿಸುತ್ತಾರೆ. 2017ರ ಅಕ್ಟೋಬರಿನ ಮೊದಲ ಕಟ್ಟಡ ಆದೇಶದಲ್ಲಿ ಕುಶಲ ಕಾರ್ಮಿಕರಿಗೆ 18.93, ಹೊಸಬರಿಗೆ 13.77 ಯೂರೋ ಇತ್ತು. ಪಿಂಚಣಿ, ಕಾಯಿಲೆ ಭತ್ಯೆಯೂ ಸೇರಿದ್ದವು. ಕಷ್ಟದಲ್ಲಿರುವ ಮಾಲೀಕರು ಲೇಬರ್ ಕೋರ್ಟಿನಿಂದ 3ರಿಂದ 24 ತಿಂಗಳ ತಾತ್ಕಾಲಿಕ ವಿನಾಯಿತಿ ಪಡೆಯಬಹುದು.

ನಿಮ್ಮ ಮಗ ಎಂಜಿನಿಯರ್ ಆದ್ದರಿಂದ ಈ ಆದೇಶ ಅವರಿಗಲ್ಲ. ಅವರ ಸಂಬಳ ನಿಂತಿರುವುದು ನೇಮಕಾತಿ ಕರಾರಿನ ಮೇಲೆ. ಅವರ ಕೈಕೆಳಗಿನ ಕಾರ್ಮಿಕರಿಗೆ ಕಡಿಮೆ ಸಿಗುತ್ತಿದ್ದರೆ, ಪೇ ಸ್ಲಿಪ್ ಮತ್ತು ಕೆಲಸದ ಗಂಟೆಗಳ ದಾಖಲೆ ಜೋಡಿಸಿಕೊಂಡು 6 ತಿಂಗಳೊಳಗೆ ವರ್ಕ್‌ಪ್ಲೇಸ್ ರಿಲೇಷನ್ಸ್ ಕಮಿಷನ್‌ಗೆ ದೂರು ಕೊಡಲು ಹೇಳಲಿ. ಅವಧಿ ಮೀರಿದರೆ ತಡಕ್ಕೆ ತಕ್ಕ ಕಾರಣ ತೋರಿಸಬೇಕಾಗುತ್ತದೆ.