ಉದ್ದ ಟೊಮ್ಯಾಟೊದ ತಳ ಮಾತ್ರ ಕಪ್ಪಾಗುತ್ತಿರುವುದಕ್ಕೆ
ಚಿತ್ರದುರ್ಗದ ತಾರಸಿಯ ಬಕೆಟ್ಟುಗಳಲ್ಲಿ ಬೆಳೆಸಿದ ಟೊಮ್ಯಾಟೊ ಬಗ್ಗೆ ಕೇಳಿದ್ದೀರಿ. ಉದ್ದ ಜಾತಿಯ ಕಾಯಿಗಳ ತಳ ಕಪ್ಪಾಗಿ ಒಳಗೆ ಕುಸಿಯುತ್ತಿದೆ, ಪಕ್ಕದ ಬಕೆಟ್ಟಿನ ಚೆರ್ರಿ ಟೊಮ್ಯಾಟೊ ಚೆನ್ನಾಗಿದೆ ಎಂದರೆ ಬಹುತೇಕ ಇದು ತುದಿ ಕೊಳೆ. ಅಂಟುರೋಗವಲ್ಲ; ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪುತ್ತಿಲ್ಲ. ಅದು ಗಿಡದೊಳಗೆ ನೀರಿನ ಜೊತೆಗೇ ಸಾಗಬೇಕು. ಚಿತ್ರದುರ್ಗದ ಬಿಸಿಲಿಗೆ ತಾರಸಿಯ 10 ಲೀಟರ್ ಬಕೆಟ್ ಮಧ್ಯಾಹ್ನಕ್ಕೇ ಒಣಗುತ್ತದೆ, ಸಂಜೆ ನೀವು ಒಮ್ಮೆಲೇ ಸುರಿಯುತ್ತೀರಿ. ಈ ಏರುಪೇರೇ ಮೂಲ. ಉದ್ದ ಜಾತಿಗಳಲ್ಲಿ ಇದು ಹೆಚ್ಚು, ಚೆರ್ರಿಯಲ್ಲಿ ಅಪರೂಪ.

ಕಪ್ಪಾದ ಕಾಯಿ ಕಿತ್ತುಬಿಡಿ, ಸರಿಹೋಗುವುದಿಲ್ಲ. ಬಕೆಟ್ಟನ್ನು ಇಟ್ಟಿಗೆಗಳ ಮೇಲಿಡಿ, ಕಾದ ಕಾಂಕ್ರೀಟು ಬೇರನ್ನು ಬೇಯಿಸುತ್ತದೆ. ಮಣ್ಣಿನ ಮೇಲೆ ಎರಡು ಇಂಚು ಶೇಂಗಾ ಸಿಪ್ಪೆ ಹರಡಿ (ಶೇಂಗಾಕ್ಕೆ ಹೆಸರಾದ ಚಳ್ಳಕೆರೆ ಪಕ್ಕದಲ್ಲಿದ್ದು ಅದಕ್ಕೇನು ಬರ!). ದಿನಾ ಬೆಳಿಗ್ಗೆ ತಳದ ತೂತಿನಿಂದ ಹನಿಯುವಷ್ಟು ನೀರು ಕೊಡಿ. ಸಂಜೆ ಬೆರಳಿಳಿಸಿ ನೋಡಿ, ಒಂದು ಇಂಚು ಕೆಳಗೂ ಒಣಗಿದ್ದರೆ ಮಾತ್ರ ಮತ್ತೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಕ್ಯಾಲ್ಸಿಯಂಗೆಂದು ಹಾಕುವ ಮೊಟ್ಟೆ ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು, ಈ ಬೆಳೆಗೆ ದಕ್ಕದು.

ಹೊಸದಾಗಿ ಕಚ್ಚುವ ಕಾಯಿಗಳನ್ನು ಎರಡು ವಾರ ಗಮನಿಸಿ. ಕಲೆ ತಳದಲ್ಲಲ್ಲದೆ ತೊಟ್ಟಿನ ಬಳಿ ಅಥವಾ ಎಲೆಯಲ್ಲೂ ಇದ್ದರೆ ನನ್ನ ಊಹೆ ತಪ್ಪಿರಬಹುದು, ಆಗ ಫೋಟೊ ಹಾಕಿ. ಮುಂದಿನ ಸಲ ಉದ್ದ ಜಾತಿಗೆ 20 ಲೀಟರಿನ ಚೀಲವೇ ಇರಲಿ.