ಗುಜರಿಗೆ ಹೋಗುವ ಕಾರಿನಿಂದ ಪರಿಸರಕ್ಕಾಗುವ ಹಾನಿಯನ್ನು ಮರುಬಳಕೆಯ ಶೇಕಡಾವಾರಿನಿಂದ ಅಳೆಯಬಹುದೇ?

ಹದಿನಾರು ವರ್ಷ ಓಡಿದ ನಿಮ್ಮ ಕಾರಿನಲ್ಲಿ ಮರುಬಳಕೆಯಾಗುವ ಭಾಗವೆಷ್ಟೆಂದು ನೋಡಿ ಅಂಕ ಕೊಡಲು ಹೊರಟಿದ್ದೀರಿ. 2019ರಲ್ಲಿ ನಾನೂ ಇದನ್ನೇ ಮಾಡಿದ್ದೆ.

ನನ್ನದು 800 ಕಿಲೋ ತೂಕದ ಚಿಕ್ಕ ಪೆಟ್ರೋಲ್ ಕಾರು, ನೋಂದಣಿಯ ಹದಿನೈದು ವರ್ಷ ಮುಗಿದಿತ್ತು. ಕಾರಿನ ತೂಕದ ಶೇ. 85 ಭಾಗ ಮರುಬಳಕೆಯಾಗಬೇಕು, ಶಕ್ತಿಗಾಗಿ ಸುಡುವುದೂ ಸೇರಿದರೆ ಶೇ. 95 ಆಗಬೇಕು ಎಂಬ ಯುರೋಪಿನ 2000ದ ನಿಯಮವನ್ನು ಓದಿ, ಕಬ್ಬಿಣ, ಅಲ್ಯೂಮಿನಿಯಂ, ತಾಮ್ರ, ಸೀಸವನ್ನೆಲ್ಲ ಕೂಡಿಸಿ, ನನ್ನ ಕಾರಿಗೂ ಒಳ್ಳೆಯ ಅಂಕವೇ ಬರುತ್ತದೆಂದು ತೀರ್ಮಾನಿಸಿದೆ. ಬೆಂಗಳೂರಿನಲ್ಲಿ ಕಿಲೋಗೆ ಹೆಚ್ಚು ದರ ಕೊಟ್ಟ ಗುಜರಿಯವರಿಗೆ ಒಪ್ಪಿಸಿದೆ.

ಅಲ್ಲಿ ಹುಡುಗನೊಬ್ಬ ಬಾನೆಟ್ ಎತ್ತಿ ಏಸಿಯ ಪೈಪನ್ನು ಕತ್ತರಿಸಿದ. ಅರ್ಧ ನಿಮಿಷ ಬುಸ್ ಎಂಬ ಸದ್ದು ಬಂದು ನಿಂತಿತು. ಬಾನೆಟ್‌ನ ಒಳಮೈಗೆ ಅಂಟಿಸಿದ್ದ ಚೀಟಿಯಲ್ಲಿ ಆರ್-134ಎ, 400 ಗ್ರಾಂ ಎಂದು ಬರೆದಿತ್ತು. ಆರ್-134ಎ ಎಂದರೆ ಏಸಿಯಲ್ಲಿ ತಂಪು ಮಾಡುವ ಅನಿಲ. ಬಳಿಕ ಇಂಜಿನ್ ಆಯಿಲ್ ಮಣ್ಣಿಗೇ ಸುರಿಯಿತು.

ನನ್ನ ತಪ್ಪನ್ನು ಬಿಡಿಸಿಯೇ ಹೇಳುತ್ತೇನೆ. 800 ಕಿಲೋದಲ್ಲಿ 400 ಗ್ರಾಂ ಎಂದರೆ ಶೇ. 0.05, ನನ್ನ ಲೆಕ್ಕದಲ್ಲಿ ಅದು ಕಾಣಿಸಲೇ ಇಲ್ಲ. ಆದರೆ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2007ರ ವರದಿಯ ಪ್ರಕಾರ, ನೂರು ವರ್ಷದ ಅವಧಿಯಲ್ಲಿ ಆ ಅನಿಲ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 1,430 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಹಾಗಾಗಿ ಆ ಅರ್ಧ ನಿಮಿಷದಲ್ಲಿ ಹೋದದ್ದು 572 ಕಿಲೋ ಇಂಗಾಲದ ಡೈಆಕ್ಸೈಡಿಗೆ, ಅಂದರೆ ಸುಮಾರು 250 ಲೀಟರ್ ಪೆಟ್ರೋಲ್ ಸುಟ್ಟಾಗ ಬರುವಷ್ಟಕ್ಕೆ ಸಮ. ತೂಕದ ಲೆಕ್ಕದಲ್ಲಿ ಲಾಭ ತರುವ ಕಬ್ಬಿಣವನ್ನು ಯಾವ ಗುಜರಿಯವನೂ ಬಿಸಾಡುವುದಿಲ್ಲ. ಹಾನಿ ಮಾಡುವುದು ದುಡ್ಡು ಹುಟ್ಟದ ಅನಿಲ, ಎಣ್ಣೆ ಮತ್ತು ಕೂಲಂಟ್. ಒಡೆಯುವ ಮೊದಲು ಇವನ್ನು ಹೊರತೆಗೆಯಬೇಕೆಂದು ನಾನು ಓದಿದ ಅದೇ ನಿಯಮದ ಅನುಬಂಧದಲ್ಲಿದೆ. ನಾನು ಅಂಕಿ ಸಿಕ್ಕ ಪುಟದಲ್ಲೇ ಓದು ನಿಲ್ಲಿಸಿದ್ದೆ.

ಆದ್ದರಿಂದ ಕಾರಿಗೆ ಅಂಕ ಕೊಡುವ ಯೋಚನೆಯನ್ನೇ ಬಿಡಿ. ಒಂದೇ ಮಾದರಿಯ ಎರಡು ಕಾರುಗಳು ಎರಡು ಗುಜರಿ ಅಂಗಳಗಳಲ್ಲಿ ಬೇರೆ ಬೇರೆ ಹಾನಿ ಮಾಡುತ್ತವೆ. ಅಂಕ ಕೊಡಬೇಕಾದದ್ದು ಅಂಗಳಕ್ಕೆ. ನಮ್ಮಲ್ಲಿ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ, ಗುಜರಿಗೆ ಹೋಗುವ ವಾಹನಗಳ ನಿಯಮಗಳೂ ವಾಹನ ತಯಾರಕರ ಮರುಬಳಕೆಯ ಗುರಿಯನ್ನು ಉಕ್ಕಿನ ತೂಕದಲ್ಲೇ ನಿಗದಿಪಡಿಸಿರುವುದು ನನಗೆ ಬೇಸರದ ಸಂಗತಿ.

2021ರ ನಿಯಮಗಳಡಿ ನೋಂದಾಯಿತವಾದ ಗುಜರಿ ಕೇಂದ್ರಕ್ಕೇ ಕೊಡಿ, ಕಿಲೋಗೆ ಎರಡು ರೂಪಾಯಿ ಕಡಿಮೆ ಬಂದರೂ ಸರಿ. ಕಾರು ಒಪ್ಪಿಸಿದ್ದಕ್ಕೆ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಪಡೆಯುವ ಮೊದಲು ಏಸಿ ಅನಿಲ ಎಳೆಯುವ ಯಂತ್ರವನ್ನು ತೋರಿಸಲು ಕೇಳಿ. ತೋರಿಸದಿದ್ದರೆ ಕಾರನ್ನು ವಾಪಸ್ ತನ್ನಿ.